ಎಂಜಲು ನೂಲು

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ. ದೇವು. ಕುಂದಾಪುರದ ಸಂತೆಯಲ್ಲಿ ಪುಸ್ತಕ ಮಾರುತ್ತಿದ್ದ ದೇವು. ಅವರನ್ನು ಕೋಟದ ಒಂದು ದೊಡ್ಡ ಮನೆಯ ಅಂಗಳದಲ್ಲಿ, ನಡುಹಗಲಿನಲ್ಲಿ, ಪುಸ್ತಕಕ್ಕೆ ಹಚ್ಚುವ ಅಂಟು ಕುಡಿಸಿ ಕೊಂದರು. ಕುಡಿಸಿ ಎಂದವರೆಲ್ಲ ಓದು ಬರಹ ಬಲ್ಲವರು.

ನಾನು ಜಲಜ. ನಾವು ಸಮಗಾರರು. ಸತ್ತ ದನ ಎಳೆಯುವುದು, ಚರ್ಮ ಹದ ಮಾಡುವುದು, ಮೆಟ್ಟು ಹೊಲಿಯುವುದು ನಮ್ಮವರ ಕೆಲಸ. ದೇವು ಚಿಕ್ಕಂದಿನಲ್ಲೇ ಮಂಗಳೂರಿಗೆ ಓಡಿಹೋಗಿದ್ದರು. ಅಲ್ಲಿ ಒಂದು ಅಚ್ಚುಕೂಟದಲ್ಲಿ ಕಸ ಗುಡಿಸಿದರು. ಗುಡಿಸುತ್ತ ಅಕ್ಷರ ಕಲಿತರು. ಆಮೇಲೆ ಪುಸ್ತಕ ಹೊಲಿಯುವುದನ್ನೂ ರಟ್ಟು ಕಟ್ಟುವುದನ್ನೂ ಕಲಿತರು. ಚರ್ಮದ ಕೆಲಸ ರಕ್ತದಲ್ಲೇ ಇತ್ತಲ್ಲ, ಅಲ್ಲಿ ಅದನ್ನು ಮೆಚ್ಚಿದರಂತೆ. ಊರಿಗೆ ಬಂದ ಮೇಲೆ ಮೆಚ್ಚುವವರು ಯಾರೂ ಇರಲಿಲ್ಲ. ಆದರೆ ಕೆಲಸ ಎಲ್ಲರಿಗೂ ಬೇಕಿತ್ತು.

ಕುಂದಾಪುರದ ಪೇಟೆಯಲ್ಲಿ ಪ್ರೇಮಾನಂದ ಎಂಬವರ ಪುಸ್ತಕದ ಅಂಗಡಿ ಇತ್ತು. ಅಂಗಡಿಯ ಹಿಂದೆ ಚರಂಡಿ. ಚರಂಡಿಯ ಪಕ್ಕ ಒಂದು ಸೋಗೆಯ ಮಾಡು. ನಾನೂ ದೇವುವೂ ಏಳು ವರ್ಷ ಆ ಮಾಡಿನಡಿ ಕೂತು ಹೊಲಿದೆವು. ಮುಂದಿನ ಬಾಗಿಲಿನಿಂದ ನಾವು ಬರುವಂತಿಲ್ಲ. ಹಿಂದಿನ ಓಣಿಯಿಂದ ಬರಬೇಕು. ಹರಿದ ಪುಸ್ತಕಗಳನ್ನು ಪ್ರೇಮಾನಂದರು ಒಂದು ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಹೊಲಿದು ಮುಗಿದದ್ದನ್ನು ನಾವು ಅದೇ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲುತ್ತಿದ್ದೆವು. ಅವರು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಮುಂದೆ ಗಿರಾಕಿಗಳಿಗೆ ಹೇಳುತ್ತಿದ್ದರು: "ಇದ್ ಮಂಗ್ಳೂರಂಗ್ ಬೈಂಡ್ ಆಯಿ ಬಂದದ್ದ್. ಹೊಲ್ಗಿ ಕಾಣಿ, ಹ್ಯಾಂಗಿತ್ತ್!" ನಾವು ಗೋಡೆಯ ಆಚೆ ಕೂತು ಕೇಳುತ್ತಿದ್ದೆವು.

ಹೊಲಿಯುವ ಕೆಲಸ ನನ್ನದು. ಹದಿನಾರು ಪುಟದ ಒಂದೊಂದು ಕಟ್ಟಿಗೆ ಫಾರಮು ಎನ್ನುತ್ತಾರೆ. ಬೆನ್ನಿಗೆ ದಬ್ಬಣದಿಂದ ತೂತು ಮಾಡಿ, ಫಾರಮಿಗೆ ಫಾರಮು ಸೇರಿಸಿ ಹೊಲಿಯಬೇಕು. ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದರೆ ಮಾತ್ರ ಸೂಜಿಯ ಕಣ್ಣಿಗೆ ಹೋಗುತ್ತದೆ. ದಿನಕ್ಕೆ ನೂರು ಸಲ ಒದ್ದೆ ಮಾಡುತ್ತಿದ್ದೆ. ನಾಲಗೆಯ ತುದಿ ಒರಟಾಗಿತ್ತು. ಸೂಜಿ ಚುಚ್ಚಿ ಜಡ್ಡುಗಟ್ಟಿದ ಬೆರಳ ತುದಿಗಳಲ್ಲಿ ಉಪ್ಪು ಹಿಡಿದರೂ ಉರಿ ಗೊತ್ತಾಗುತ್ತಿರಲಿಲ್ಲ. ರಟ್ಟು, ಬಟ್ಟೆ, ಅಂಟು ದೇವುವಿನ ಕೆಲಸ. ಹುಣಸೆಬೀಜ ಅರೆದು ಕುದಿಸಿದ ಅಂಟು. ಗೆದ್ದಲು ಮುಟ್ಟಬಾರದೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಅಂಟು ಹಚ್ಚಿದ ದಿನ ಕೈಯನ್ನು ಮೂರು ಸಲ ತೊಳೆಯದೆ ದೇವು ಅನ್ನ ಮುಟ್ಟುತ್ತಿರಲಿಲ್ಲ.

ನನಗೆ ಓದು ಕಲಿಸಿದವರೂ ದೇವುವೇ. ಪ್ರೀತಿಗೆ ಕಲಿಸಿದ್ದಲ್ಲ, ಕೆಲಸಕ್ಕೆ ಕಲಿಸಿದ್ದು. ಓದು ಬಾರದಿದ್ದರೆ ಪುಟ ಹಿಂದುಮುಂದಾಗುತ್ತದೆ. ಆದರೆ ಕಲಿತ ಓದು ಕೆಲಸ ಮುಗಿಯಿತೆಂದು ಕಣ್ಣು ಬಿಟ್ಟು ಹೋಗುತ್ತದೆಯೆ? ಪುರಾಣ, ಯಕ್ಷಗಾನದ ಪ್ರಸಂಗ, ಪಂಚಾಂಗ, ನನ್ನ ಮಡಿಲಿಗೆ ಬಂದದ್ದನ್ನೆಲ್ಲ ಓದಿದೆ. ನಾವು ಕೇಳಿದರೇ ಪಾಪ ಎಂದು ಬರೆದದ್ದನ್ನೂ ಓದಿದೆ. ಅದನ್ನೂ ಬಿಗಿಯಾಗಿಯೇ ಹೊಲಿದೆ.

ಎರಡನೆಯ ದೊಡ್ಡ ಯುದ್ಧ ಬಂತು. ಕಾಗದ ಸಿಕ್ಕದಾಯಿತು. ಮಂಗಳೂರಿನಿಂದ ಹೊಸ ಪುಸ್ತಕ ಬರುವುದು ನಿಂತಿತು. ಹಳೆಯ ಪುಸ್ತಕಗಳನ್ನು ಜಿನಸಿನಂಗಡಿಯವರು ಪೊಟ್ಟಣ ಕಟ್ಟಲು ಹರಿಯುತ್ತಿದ್ದರು. ದೇವು ಅವರ ಹತ್ತಿರ ಬೇಡಿ, ಹರಿಯುವ ಮೊದಲೇ ಕೊಂಡು ತಂದರು. ಗುಡಿಸಲಿನಲ್ಲಿ ಇಬ್ಬರೂ ಕೂತು ಸರಿ ಮಾಡಿದೆವು. ಶನಿವಾರದ ಸಂತೆಯಲ್ಲಿ ಗೋಣಿ ಹಾಸಿ ದೇವು ಪುಸ್ತಕ ಹರಡಿ ಕೂತರು. ಉಳಿದ ದಿನ ಪೆಟ್ಟಿಗೆ ತಲೆಯ ಮೇಲೆ. ಬೈಂದೂರಿಗೆ, ಕೊಲ್ಲೂರಿಗೆ, ತೆಕ್ಕಟ್ಟೆಗೆ. ಪೆಟ್ರೋಲು ಸಿಕ್ಕದೆ ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಉಗುಳುತ್ತ ಪಕ್ಕದಲ್ಲೇ ಹೋಗುತ್ತಿತ್ತು. ಪೆಟ್ಟಿಗೆಯನ್ನು ಮೇಲೆ ಹಾಕಿಕೊಳ್ಳಲು ಬಸ್ಸಿನವನು ಒಪ್ಪುತ್ತಿದ್ದ. ಪೆಟ್ಟಿಗೆಯವನನ್ನು ಹತ್ತಿಸಲು ಒಪ್ಪುತ್ತಿರಲಿಲ್ಲ. ದೇವು ನಡೆದರು.

ಪುಸ್ತಕ ಕೇಳಿದವರಿಗೆ ದೇವು ಅದನ್ನು ನೆಲದ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿಯಬೇಕಿತ್ತು. ಸರಿದರು. ಕಾಸನ್ನು ಅವರು ಧೂಳಿಗೆ ಎಸೆಯುತ್ತಿದ್ದರು. ಬಗ್ಗಿ ಹೆಕ್ಕಿದರು. ಆದರೂ ಸಂತೆಯ ದಿನ ದೇವುವಿನ ಮುಖ ಬೇರೆಯೇ ಇರುತ್ತಿತ್ತು. ಗದ್ದೆ ಕೆಲಸದ ಹೆಂಗಸರು ಬಂದು ಮಗ್ಗಿ ಪುಸ್ತಕ ಮುಟ್ಟಿ ನೋಡುತ್ತಿದ್ದರು. ಮೀನು ಬುಟ್ಟಿ ಹೊತ್ತವರು ನಿಂತು ಪ್ರಸಂಗದ ಒಂದು ಪುಟ ಓದಿಸಿಕೊಳ್ಳುತ್ತಿದ್ದರು. ದೇವು ಗಟ್ಟಿಯಾಗಿ ಓದುತ್ತಿದ್ದರು. ಸಂತೆಯಲ್ಲಿ ಸಮಗಾರನ ಸ್ವರ ಅಷ್ಟು ಎತ್ತರಕ್ಕೆ ಏರಿದ್ದು ಅದೇ ಮೊದಲು.

ಪ್ರೇಮಾನಂದರ ಅಂಗಡಿಯ ಮುಂದೆ ಜನ ಕಡಿಮೆಯಾದರು. ಒಂದು ದಿನ ಅವರು ಹಿಂದಿನ ಬಾಗಿಲಿಗೆ ಬಂದು ನಿಂತರು.

"ದೇವು, ಹೊಲುವ ಕೆಲ್ಸದವ ಹೊಲ್ಕಂಡೇ ಇರ್ಕ್. ಮಾರೂಕೆ ನಾನಿದ್ದೆ."

"ಒಡೆಯ, ಏಳ್ ವರ್ಷ ನಿಮ್ಮ ಅಂಗ್ಡಿ ಹಿಂದ್ ಕೂಕಂಡ್ ಹೊಲ್ದೆ. ಈಗ ಬಿಸ್ಲಂಗ್ ಕೂಕಂತೆ. ಅಷ್ಟೇ."

"ಬಿಸ್ಲ್ ಸುಡ್ತ್ ಮಾರಾಯ," ಎಂದರು ಪ್ರೇಮಾನಂದರು. ನಕ್ಕು ಒಳಗೆ ಹೋದರು.

ಅದಾದ ಮೇಲೆ ಕೋಟದಿಂದ ಹೇಳಿಕೆ ಬಂತು. ಅಲ್ಲಿನ ಶಾಮರಾಯರು ನೂರಾರು ಮುಡಿ ಅಕ್ಕಿ ಗೇಣಿ ಬರುವ ಭೂಮಿಯವರು. ಮಳೆಗಾಲದಲ್ಲಿ ಅವರ ಮನೆಯಲ್ಲಿ ಪುರಾಣದ ಪಾರಾಯಣ ನಡೆಯುತ್ತಿತ್ತು. ಪುಸ್ತಕದ ಕೆಲಸ ಉಂಟು, ಸಾಮಾನು ತೆಗೆದುಕೊಂಡು ಬಾ ಎಂದು ಕರೆದಿದ್ದರು. ನಾವು ಹೊರಟೆವು. ದಬ್ಬಣ, ಸೂಜಿ, ನೂಲು, ಕುಡಿಕೆಯಲ್ಲಿ ಅಂಟು. ವೈಶಾಖದ ಬಿಸಿಲಿನಲ್ಲಿ ಎಂಟು ಮೈಲಿ ನಡೆದೆವು. ಕೆಲಸವೆಂದು ಸಂತೋಷದಿಂದಲೇ ನಡೆದೆವು.

ಅಂಗಳದಲ್ಲಿ ಬಾಳೆ ಎಲೆಯ ಮೇಲೆ ಪುಸ್ತಕ ಇತ್ತು. ಜಗಲಿಯಲ್ಲಿ ಶಾಮರಾಯರು ಕೂತಿದ್ದರು. ಪಕ್ಕದಲ್ಲಿ ಪಟೇಲ ಚಂದಯ್ಯನವರು. ನಮ್ಮ ಗುಡಿಸಲು ಇದ್ದದ್ದು ಅವರ ಜಾಗದಲ್ಲಿ. ಇನ್ನೂ ಏಳೆಂಟು ಜನ ಇದ್ದರು. ಕಂಬದ ಹಿಂದೆ ಪ್ರೇಮಾನಂದರನ್ನು ಕಂಡೆ. ಕರೆದದ್ದು ಕೆಲಸಕ್ಕಲ್ಲ ಎಂದು ಆಗಲೇ ಗೊತ್ತಾಯಿತು.

"ಹ್ವಾಯ್ ದೇವು, ಈ ಪುಸ್ತಕದ್ ಗುರ್ತ ಇತ್ತಾ?" ಶಾಮರಾಯರು ಕೇಳಿದರು.

"ಇತ್ತ್ ಒಡೆಯ. ನಾಕ್ ವರ್ಷ ಆಯ್ತ್, ರಟ್ಟ್ ಕಟ್ಟಿದ್ದೆ."

"ಹೊಲುವತಿಗೆ ನೂಲ್ ಸೂಜಿ ಕಣ್ಣಿಗೆ ಹ್ಯಾಂಗ್ ಹೋಪುದ್?"

"ಬಾಯಂಗ್ ಒದ್ದೆ ಮಾಡಿ ಹಾಕುದ್ ಒಡೆಯ."

"ಯಾರ್ ಬಾಯಂಗೆ?"

ಆ ಪುಸ್ತಕ ಹೊಲಿದವಳು ನಾನು. ಹೇಳಲು ಬಾಯಿ ತೆರೆದೆ. ದೇವು ಬೆನ್ನ ಹಿಂದೆ ಕೈ ತಂದು ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು.

"ನನ್ನ್ ಬಾಯಂಗೆ," ಎಂದರು.

ಶಾಮರಾಯರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ನಾಕ್ ವರ್ಷ! ನಾಕ್ ವರ್ಷ ಸಮಗಾರನ ಎಂಜಲ್ ಮುಟ್ಟಿ ಪಾರಾಯಣ ಮಾಡಿದ್ದೆ ನಾನ್."

ಪಟೇಲರು ಮುಂದಕ್ಕೆ ಬಾಗಿದರು. "ನಿಂಗ್ ಓದೂಕೂ ಬತ್ತಂಬ್ರಲೆ? ಇದ್ನೂ ಓದಿದ್ಯಾ?"

"ಓದ್ದೆ ಹೊಲುಕ್ ಆತ್ತಾ ಒಡೆಯ? ಪುಟ ಹಿಂದ್ ಮುಂದ್ ಆರೆ ನೀವ್ ಓದುದ್ ಹ್ಯಾಂಗೆ?"

ಜಗಲಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆ ನಗುವೇ ದೇವುವಿಗೆ ಮುಳುವಾಯಿತು. ಶಾಮರಾಯರ ಮುಖ ಕಪ್ಪಾಯಿತು.

"ನಿನ್ನ್ ಎಂಜಲ್ ನೀನೇ ತೆಗಿ. ಒಂದೊಂದೇ ಹೊಲ್ಗಿ ಬಿಚ್ಚ್. ಕೈ ಹಾಕುಕಾಗ. ಹಲ್ಲಂಗೆ."

ಅವರು ಯಾರೂ ದೇವುವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮೈಲಿಗೆ. ಅದಕ್ಕೆ ಕೊರಗ ಎಂಬ ಆಳನ್ನು ಕರೆದರು. ಕೊರಗ ಆ ಮನೆಯ ಮೂಲದಾಳು. ಅಜ್ಜನ ಕಾಲದಿಂದ ಆ ಮನೆಯ ಗದ್ದೆಗೇ ಬಿದ್ದಿದ್ದ ಕುಟುಂಬ. ನಮ್ಮ ಹಾಗೆಯೇ ಅಂಗಳದಾಚೆ ನಿಲ್ಲಬೇಕಾದವನು. ಅವನು ಬಂದು ದೇವುವಿನ ಕೈಗಳನ್ನು ಬೆನ್ನ ಹಿಂದೆ ಹಗ್ಗದಿಂದ ಕಟ್ಟಿದ.

ದೇವು ಮೊಣಕಾಲೂರಿದರು. ಬಗ್ಗಿ ಪುಸ್ತಕದ ಬೆನ್ನಿಗೆ ಬಾಯಿ ಹಾಕಿದರು. ನಾನು ಮೇಣ ಉಜ್ಜಿ ಹೊಲಿದ ನೂಲು ಅದು. ಸುಲಭಕ್ಕೆ ಬಿಡುವಂಥದ್ದಲ್ಲ. ದೇವು ನಾಯಿ ಮೂಳೆ ಎಳೆಯುವ ಹಾಗೆ ತಲೆ ಅಲ್ಲಾಡಿಸಿ ಎಳೆದರು. ವಸಡಿನಿಂದ ರಕ್ತ ಬಂತು. ಕಾಗದದ ಮೇಲೆ ಬಿತ್ತು. ಒಂದು ಫಾರಮು ಬಿಟ್ಟಿತು. ಜಗಲಿಯವರು ಎಲೆಯಡಿಕೆ ಹಾಕಿಕೊಂಡು ನೋಡುತ್ತಿದ್ದರು. ಎರಡನೆಯ ಫಾರಮು ಬಿಟ್ಟಿತು. ಇನ್ನು ಐವತ್ತರ ಮೇಲೆ ಇದ್ದವು.

ದೇವು ಎದ್ದು ನಿಂತರು. ಬಾಯಲ್ಲಿದ್ದ ನೂಲನ್ನು ಉಗುಳಿದರು.

"ತೆಗಿ ಅಂದ್ನಲೆ?"

"ತೆಗುದಿಲ್ಲ."

ಆ ಮಾತನ್ನು ಆ ಅಂಗಳ ಕೇಳಿರಲಿಲ್ಲ.

"ಇದೊಂದೇ ಬಿಚ್ರೆ ಸಾಕಾ ಒಡೆಯ?" ದೇವುವಿನ ಸ್ವರ ಸಂತೆಯಲ್ಲಿ ಓದುವಾಗ ಇದ್ದ ಹಾಗೇ ಇತ್ತು. "ಪಟೇಲ್ರ ಮನಿ ಜಾತ್ಕದ ಪುಸ್ತಕ ನಾನೇ ಹೊಲ್ದದ್ದ್. ಅಲ್ಲ್ ಕೂಕಂಡ್ ಭಟ್ರ ಮಂತ್ರದ್ ಪುಸ್ತಕ ನಾನೇ ಹೊಲ್ದದ್ದ್. ನಿಮ್ಮ ದೇವ್ರ್ ಕೋಣಿ ಪಂಚಾಂಗ, ನಿಮ್ಮ ಮಗ್ಳ್ ಮದಿ ಲಗ್ನಪತ್ರಿಕಿ ಕಟ್ಟ್, ಅದೂ ನಾನೇ. ಪ್ರೇಮಾನಂದ ಒಡೆಯರ ಅಂಗ್ಡಿ ಹಿಂದೆ, ಚರಂಡಿ ಬದಿ. ಮಂಗ್ಳೂರ್ ಅಲ್ಲ. ಎಲ್ಲ ತನ್ನಿ, ಬಿಚ್ಚುವ!"

ಮಂತ್ರದ ಪುಸ್ತಕದ ಭಟ್ಟರು ಪ್ರೇಮಾನಂದರ ಕಡೆ ತಿರುಗಿದರು. ಪಟೇಲರೂ ತಿರುಗಿದರು. ಪ್ರೇಮಾನಂದರು ಕಂಬ ಬಿಟ್ಟು ಮುಂದೆ ಬಂದು ಕಿರುಚಿದರು.

"ಅವ್ನ್ ಬಾಯಿ ಮುಚ್ಸಿ! ಸುಳ್ಳ್ ಹೇಳ್ತ! ಮುಚ್ಸಿ ಅಂದೆ!"

ಪಟೇಲರು ನಮ್ಮ ಕುಡಿಕೆಯತ್ತ ಬೆರಳು ತೋರಿಸಿದರು. "ಅವ್ನ್ ಅಂಟಂಗೇ ಅವ್ನ್ ಬಾಯಿ ಅಂಟ್ಸಿ."

ನಾನು ಓಡಿ ಕುಡಿಕೆಯ ಮೇಲೆ ಬಿದ್ದೆ. "ಬ್ಯಾಡ ಒಡೆಯ! ಅದ್ರಂಗ್ ಮೈಲುತುತ್ತ ಇತ್ತ್! ಜೀವ ಹೋತ್ತ್!"

ಕೇಳಿದರು. ಎಲ್ಲರೂ ಕೇಳಿದರು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ವಿಷ ಎಂದು ತಿಳಿದ ಮೇಲೆಯೇ ಕುಡಿಸಿದರು.

ಮೊದಲು ಕೊರಗ ಒಪ್ಪಲಿಲ್ಲ. "ಒಡೆಯ, ನನ್ ಹತ್ರ ಆತಿಲ್ಲೆ," ಎಂದ. ಶಾಮರಾಯರು ಗಟ್ಟಿಯಾಗಿ ಮಾತಾಡಲೇ ಇಲ್ಲ. "ನಿನ್ ಮಕ್ಳ್ ಇವತ್ ಉಣ್ಕಾ ಬ್ಯಾಡ್ದಾ?" ಎಂದರು. ಒಬ್ಬ ಒಕ್ಕಲು ಉದ್ದದ ಬಿದಿರಿನಿಂದ ನನ್ನನ್ನು ತಿವಿದು ಬದಿಗೆ ಉರುಳಿಸಿದ. ಇನ್ನಿಬ್ಬರು ಆಳುಗಳು ದೇವುವಿನ ತಲೆ ಹಿಡಿದರು. ಕೊರಗ ಕುಡಿಕೆ ಎತ್ತಿದ. ಅವನು ಅಳುತ್ತಿದ್ದ. ಅಳುತ್ತಲೇ ಮೂಗು ಹಿಡಿದ, ಅಳುತ್ತಲೇ ಸುರಿದ. ಅಂಟು ಗಂಟಲಲ್ಲಿ ಇಳಿಯುವ ಶಬ್ದ ನನಗೆ ಕೇಳಿಸಿತು.

ಕುಡಿಕೆ ಬರಿದಾದ ಮೇಲೆ ಶಾಮರಾಯರು ಎದ್ದರು. ಅಂಗಳಕ್ಕೆ ಸಗಣಿ ನೀರು ಹಾಕಲು ಹೇಳಿ ಸ್ನಾನಕ್ಕೆ ಹೋದರು.

ನಾನು ದೇವುವನ್ನು ಬೆನ್ನಿಗೆ ಹಾಕಿಕೊಂಡು ನಡೆದೆ. ದಾರಿಯುದ್ದಕ್ಕೂ ಹಸಿರುನೀಲಿ ವಾಂತಿ ನನ್ನ ಹೆಗಲ ಮೇಲೆ ಇಳಿಯಿತು. ಬಸ್ಸಿಗೆ ಕೈ ಒಡ್ಡಿದೆ. ಬಸ್ಸಿನವನು ನಿಧಾನ ಮಾಡಿದ, ನೋಡಿದ, ಹೋದ. ತೆಕ್ಕಟ್ಟೆಯಲ್ಲಿ ಒಂದು ಬಾವಿಯ ಹತ್ತಿರ ನೀರು ಬೇಡಿದೆ. ಹೆಂಗಸೊಬ್ಬಳು ಬಾವಿಕಟ್ಟೆಯ ಮೇಲಿಂದಲೇ ಕೊಡ ಬಗ್ಗಿಸಿದಳು. ಅರ್ಧ ನೀರು ದೇವುವಿನ ಬಾಯಿಗೆ, ಅರ್ಧ ಮಣ್ಣಿಗೆ. ನಾಲಗೆ ಬೆಂದು ಊದಿಕೊಂಡಿತ್ತು. ಒಂದು ಮಾತೂ ಬರಲಿಲ್ಲ. ಮರುದಿನ ಬಿಸಿಲೇರುವ ಮೊದಲು ಗುಡಿಸಲಿನಲ್ಲಿ ಸತ್ತರು. ನನ್ನ ಮಣಿಕಟ್ಟು ಹಿಡಿದಿದ್ದರು. ಹಿಡಿತ ಸಡಿಲವಾದಾಗ ನನಗೆ ಗೊತ್ತಾಯಿತು.

ಹೆಣ ಮಣ್ಣಿಗೆ ಹೋಗುವ ಮೊದಲೇ ಪಟೇಲರು ಪೊಲೀಸಿನವನೊಬ್ಬನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಬರೆದ ಕಾಗದ.

"ಹೆಬ್ಬೆಟ್ಟ್ ಒತ್ತ್," ಎಂದರು.

ನಾನು ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದೆ. ಗುಡಿಸಲ ಪಕ್ಕದ ಹೊಳೆಬದಿಯಲ್ಲಿ ಹೋಗುತ್ತಿದ್ದ ಮೀನಿನ ಹೆಂಗಸರೆಲ್ಲ ನಿಂತು ಕೇಳಿದರು. ಸಮಗಾರ ದ್ಯಾವ ಎಂಬಾತನು ಹೆಂಡದ ಅಮಲಿನಲ್ಲಿ ಗಂಜಿಯೆಂದು ಭ್ರಮಿಸಿ ಅಂಟನ್ನು ತಾನಾಗಿ ಕುಡಿದು ಮೃತನಾಗಿರುತ್ತಾನೆ. ನನಗೆ ಯಾರ ಮೇಲೂ ಸಂಶಯವಿರುವುದಿಲ್ಲ.

ಪಟೇಲರ ಬಾಯಿ ತೆರೆದೇ ಇತ್ತು. "ನಿಂಗೂ ಓದೂಕ್ ಬತ್ತಾ?"

"ಬತ್ತ್. ಅವ್ರ್ ಹೆಸ್ರ್ ದೇವು. ಹೆಂಡ ಕುಡುವವ್ರಲ್ಲ. ಕುಡ್ಸಿದ್ದ್ ನೀವ್."

ಪೊಲೀಸಿನವನು ಲಾಠಿಯ ತುದಿಯಿಂದ ನನ್ನ ಕೆನ್ನೆಗೆ ಹೊಡೆದ. ನಾನು ಕೈಯನ್ನು ಮುಷ್ಟಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡೆ. ಹೆಬ್ಬೆಟ್ಟು ಕೊಡಲಿಲ್ಲ. ಆ ಕಾಗದಕ್ಕೆ ಬೇರೆ ಯಾರದೋ ಹೆಬ್ಬೆಟ್ಟು ಬಿತ್ತು. ಸಾವಿನ ವಿಚಾರ ಅಲ್ಲಿಗೆ ಮುಗಿಯಿತು. ಕರ್ಕಾಟಕ ಸಂಕ್ರಾಂತಿಯೊಳಗೆ ಜಾಗ ಬಿಡಬೇಕೆಂದು ಪಟೇಲರು ಹೇಳಿ ಹೋದರು.

ಇಪ್ಪತ್ತು ದಿನ ಆಗಿರಬೇಕು. ಪ್ರೇಮಾನಂದರು ನನ್ನ ಗುಡಿಸಲಿಗೆ ಬಂದರು. ಒಂದು ಗಂಟನ್ನು ನೆಲದ ಮೇಲೆ ಇಟ್ಟು ದೂರ ನಿಂತರು. ಗಂಟಿನಲ್ಲಿ ಶಾಮರಾಯರ ಪುರಾಣ.

"ಜಲಜ, ಆದ್ದ್ ಆಯ್ತ್. ಎರಡ್ ಫಾರಮು ಕಳ್ಚಿತ್. ಪಾರಾಯಣ ಹತ್ರ ಬಂತ್. ಹೊಸ ಪುಸ್ತಕ ಮದ್ರಾಸಂಗೂ ಸಿಕ್ಕುದಿಲ್ಲ. ಯಾರಿಗೂ ಗೊತ್ತಾಗ್ದಂಗೆ ಹೊಲ್ದ್ ಕೊಡ್. ಅವ್ರ್ ಪಂಚಗವ್ಯ ಹಾಕಿ ಶುದ್ಧ ಮಾಡ್ಕಂತ್ರ್. ಜಾಗದ್ ವಿಷ್ಯ ನಾ ಪಟೇಲ್ರ್ ಹತ್ರ ಹೇಳ್ತೆ."

ನಾನು ಗಂಟು ಬಿಚ್ಚಿದೆ. ಬೆನ್ನಿನ ಹತ್ತಿರ ದೇವುವಿನ ವಸಡಿನ ರಕ್ತ ಒಣಗಿ ಕಂದಾಗಿತ್ತು. ಅದನ್ನು ಒರೆಸುವ ಕಷ್ಟವನ್ನೂ ಅವರು ತೆಗೆದುಕೊಂಡಿರಲಿಲ್ಲ. ಈ ಪುಸ್ತಕ ಅಶುದ್ಧವಾಯಿತು ಎಂದು ಒಬ್ಬ ಮನುಷ್ಯನನ್ನು ಕೊಂದರು. ಈಗ ಅದೇ ಪುಸ್ತಕ ಬೇಕು. ಅದೇ ಎಂಜಲು ಬೇಕು. ಗೊತ್ತಾಗದ ಹಾಗೆ ಬೇಕು.

"ಆತ್. ಬಿಟ್ಟ್ ಹೋಯ್ನಿ," ಎಂದೆ.

ಶನಿವಾರ ಬಂತು. ಪೆಟ್ಟಿಗೆ ತಲೆಯ ಮೇಲೆ ಇಟ್ಟು ಸಂತೆಗೆ ಹೋದೆ. ದೇವು ಕೂರುತ್ತಿದ್ದ ಜಾಗದಲ್ಲೇ ಗೋಣಿ ಹಾಸಿದೆ. ಪುಸ್ತಕ ಹರಡಿದೆ. ಎಲ್ಲಕ್ಕಿಂತ ಮುಂದೆ ಆ ಪುರಾಣ ಇಟ್ಟು, ರಕ್ತ ಬಿದ್ದ ಪುಟ ತೆರೆದೆ. ನನಗೆ ಕೂಗಿ ಅಭ್ಯಾಸವಿರಲಿಲ್ಲ. ಮೊದಲ ಸಲ ಸ್ವರ ಒಡೆಯಿತು. ಎರಡನೆಯ ಸಲ ಬಂತು.

"ಹ್ವಾಯ್, ಕೇಣಿ! ಇದ್ ಕೋಟದ ಶಾಮರಾಯ್ರ ಪುಸ್ತಕ. ಇದ್ನ್ ಹೊಲ್ದದ್ದಕ್ಕೆ ನನ್ ಗಂಡಂಗ್ ವಿಷ ಕುಡ್ಸಿ ಕೊಂದ್ರ್. ಹೊಲ್ದದ್ದ್ ಅವ್ರಲ್ಲ, ನಾನ್. ಈಗ ಪುನಾ ಹೊಲುಕ್ ನನ್ನತ್ರವೇ ಕಳ್ಸಿರ್. ನಾ ಹೊಲುದಿಲ್ಲ. ಬೇಕಾರ್ ಅವ್ರೇ ಬಂದ್ ನನ್ ಕೈಯಿಂದ ತಕಂಡ್ ಹೋಯ್ಲಿ!"

ಜನ ಸೇರಿದರು. ಯಾರೂ ಪುಸ್ತಕ ಕೊಳ್ಳಲಿಲ್ಲ. ಯಾರೂ ನಮ್ಮ ಪರ ಒಂದು ಮಾತಾಡಲೂ ಇಲ್ಲ. ಆದರೆ ಕೇಳಿದರು. ಮುಂದಿನ ಶನಿವಾರವೂ ಕೂಗಿದೆ. ಮೂರನೆಯ ಶನಿವಾರ ಶಾಮರಾಯರೇ ಬಂದರು. ಜೊತೆಗೆ ಪಟೇಲರು, ಲಾಠಿಯ ಪೊಲೀಸಿನವನು. ಹಿಂದೆ ಕೊಡೆ ಹಿಡಿದುಕೊಂಡು ಕೊರಗ.

"ಕದ್ದ ಮಾಲ್ ಇದ್," ಎಂದರು ಪಟೇಲರು.

ನಾನು ಪುಸ್ತಕ ಎತ್ತಿಕೊಂಡು ಎದ್ದು ನಿಂತೆ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. "ತಕಣಿ."

ಶಾಮರಾಯರು ಒಂದು ಹೆಜ್ಜೆ ಹಿಂದೆ ಸರಿದರು. "ಕೆಳ್ಗಿಡ್."

"ಇಡುದಿಲ್ಲ. ಕೈಯಂಗ್ ಕೊಡ್ತೆ."

"ಕೆಳ್ಗಿಡ್ ಹೆಣ್ಣೆ!" ಪೊಲೀಸಿನವನು ಗದರಿದ.

"ಏಳ್ ವರ್ಷ ಕೆಳ್ಗ್ ಇಟ್ಟಾಯ್ತ್. ಇನ್ ಇಡುದಿಲ್ಲ."

ಲಾಠಿ ನನ್ನ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ಕಣ್ಣಿಗೆ ಕತ್ತಲೆ ಬಂತು. ಪುಸ್ತಕ ಬಿಡಲಿಲ್ಲ. ಎರಡನೆಯ ಏಟು. ಬಿಡಲಿಲ್ಲ. ಮೂರನೆಯದಕ್ಕೆ ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಬೆರಳುಗಳು ನನ್ನ ಮಾತು ಕೇಳಲಿಲ್ಲ. ಪುಸ್ತಕ ಬಿತ್ತು. ನಾನು ಇಟ್ಟದ್ದಲ್ಲ.

ಮೀನಿನ ನೀರು ಹರಿದ ಮಣ್ಣಿನಲ್ಲಿ ಪುರಾಣ ಬಿದ್ದಿತ್ತು. ಶಾಮರಾಯರು ಕೊರಗನ ಕಡೆ ತಿರುಗಿದರು. "ಹೆಕ್ಕ್."

ಕೊರಗ ಕೊಡೆ ಮಡಚಿದ. ಅದನ್ನು ನೆಲದ ಮೇಲೆ ಇಟ್ಟ. ಎರಡೂ ಕೈಗಳನ್ನು ತಾನಾಗಿ ಬೆನ್ನ ಹಿಂದೆ ಕಟ್ಟಿಕೊಂಡ.

"ಒಡೆಯ, ಈ ಕೈಯಂಗ್ ಒಂದ್ ಸಲ ನೀವ್ ಹೇಳದ್ದ್ ಮಾಡಿದ್ದೆ. ಸಾಕ್."

ಪಟೇಲರು ಬೈದರು. ಪೊಲೀಸಿನವನು ಲಾಠಿ ಎತ್ತಿದ. ಕೊರಗ ಕದಲಲಿಲ್ಲ. ಪೊಲೀಸಿನವನೂ ಬಗ್ಗಲಿಲ್ಲ, ಪಟೇಲರೂ ಬಗ್ಗಲಿಲ್ಲ. ಇಡೀ ಸಂತೆ ಕಾಯುತ್ತಿತ್ತು. ಕೊನೆಗೆ ಶಾಮರಾಯರು ಬಗ್ಗಿದರು. ಮಣ್ಣು ಮೆತ್ತಿದ ಪುಸ್ತಕವನ್ನು ಬರಿಗೈಯಲ್ಲಿ ಹೆಕ್ಕಿಕೊಂಡರು. ಯಾರ ಮುಖವನ್ನೂ ನೋಡದೆ ಹೊರಟು ಹೋದರು.

ಕಳವಿನ ಕೇಸಿನಲ್ಲಿ ನನಗೆ ಮೂರು ತಿಂಗಳ ಜೈಲಾಯಿತು. ಗುಡಿಸಲು ಕಿತ್ತು ಹಾಕಿದರು. ಕೈ ಹೇಗೋ ಕೂಡಿತು, ಸೊಟ್ಟಗೆ ಕೂಡಿತು. ಆ ಬೆರಳುಗಳಿಗೆ ಸೂಜಿ ಹಿಡಿಯಲು ಇನ್ನು ಬರುವುದಿಲ್ಲ.

ಕೊರಗನನ್ನೂ ಹೊಡೆದು ಆ ಮನೆಯಿಂದ ಓಡಿಸಿದ್ದರು. ನಾನು ಬಿಡುಗಡೆಯಾದ ದಿನ ಅವನು ಜೈಲಿನ ಬಾಗಿಲ ಹೊರಗೆ, ರಸ್ತೆಯ ಆಚೆ ಬದಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನನ್ನ ಪುಸ್ತಕದ ಪೆಟ್ಟಿಗೆಯನ್ನು ಎಲ್ಲಿಂದಲೋ ಉಳಿಸಿ ತಂದಿದ್ದ. ನಾನು ಅವನ ಮುಖ ನೋಡಲಿಲ್ಲ. ಕೈ ನೋಡಿದೆ. ಕುಡಿಕೆ ಎತ್ತಿದ ಕೈ.

ನಾನು ನಡೆದೆ. ಅವನು ಪೆಟ್ಟಿಗೆ ತಲೆಯ ಮೇಲೆ ಇಟ್ಟುಕೊಂಡು ಹತ್ತು ಮಾರು ಹಿಂದೆ ಬಂದ. ನಾನು ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.